ಕೈತೋಟದ ಜಮಾ-ಖರ್ಚು

ದೆಹಲಿಯ ದ್ವಾರಕಾದಲ್ಲಿ ಸಹಕಾರಿ ವಸತಿ ಸಂಘಗಳ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಹಿತ್ತಿಲೆಂಬುದಿಲ್ಲ. ಬಾಲ್ಕನಿಯ ಹತ್ತಾರು ಕುಂಡಗಳೇ ಅವರ ಕೈತೋಟ. ಊರಿನಿಂದ ತಂದ ಬಸಳೆಯ ದಂಟು, ಹೀರೆಯ ಬೀಜ, ಕರಿಬೇವಿನ ಸಸಿಗಳನ್ನು ಅಕ್ಕರೆಯಿಂದ ನೆಡುವವರು ಅನೇಕರು. ಎರಡನೆಯ ವರ್ಷಕ್ಕೆ ಕುಂಡಗಳನ್ನು ಮೂಲೆಗೆ ತಳ್ಳುವವರೂ ಅನೇಕರು. ಇಲ್ಲಿಯ ಮಣ್ಣು ಒಗ್ಗದೆಂಬುದು ಅವರ ತೀರ್ಮಾನ. ಅದನ್ನು ಪೂರ್ಣವಾಗಿ ಒಪ್ಪಲಾಗದು.

ಸೋಲಿಗೆ ಮಣ್ಣಿಗಿಂತ ಹೆಚ್ಚಾಗಿ ಕಾರಣವಾಗುವುದು ಕಾಲದ ತಪ್ಪು ಲೆಕ್ಕ. ಮೇ-ಜೂನ್ ತಿಂಗಳುಗಳಲ್ಲಿ ಉಷ್ಣತೆ 45 ಡಿಗ್ರಿಯ ಸಮೀಪಕ್ಕೇರಿದಾಗ ಟೊಮೇಟೊ ಗಿಡ ಹೂವನ್ನೇ ಉದುರಿಸುತ್ತದೆ. ಎಷ್ಟು ನೀರೆರೆದರೂ ಕಾಯಿ ಕಚ್ಚದು. ಜನವರಿಯ ಚಳಿಗೆ ಬಸಳೆ ಸೊರಗುತ್ತದೆ. ಕರಿಬೇವು ಎಲೆಯುದುರಿಸಿ ಸತ್ತಂತೆ ನಿಲ್ಲುತ್ತದೆ. ಅದನ್ನು ಕಿತ್ತೆಸೆಯುವುದು ಅವಸರದ ಕೆಲಸ. ಬೇರು ಬದುಕಿದ್ದರೆ ವಸಂತದಲ್ಲಿ ಮತ್ತೆ ಚಿಗುರುತ್ತದೆ. ಅದೇ ಚಳಿಗಾಲ ಮೆಂತ್ಯ, ಪಾಲಕ್, ಕೊತ್ತಂಬರಿ, ಮೂಲಂಗಿಗಳಿಗೆ ಸುಗ್ಗಿ. ಇವನ್ನು ಅಕ್ಟೋಬರಿನಲ್ಲಿ ಬಿತ್ತಬೇಕು. ಬೆಂಡೆ, ಹೀರೆಗಳನ್ನು ಫೆಬ್ರವರಿ-ಮಾರ್ಚಿಯಲ್ಲಿ.

ಎರಡನೆಯ ಶತ್ರು ನೀರು. ನೈರುತ್ಯ ದೆಹಲಿಯ ಅಂತರ್ಜಲ ಬಹುಕಡೆ ಉಪ್ಪು. ಕೊಳವೆಬಾವಿಯ ನೀರನ್ನೇ ಎರೆದರೆ ಕುಂಡದಲ್ಲಿ ಲವಣ ಸಂಗ್ರಹವಾಗಿ ಎಲೆಯಂಚು ಸುಡುತ್ತದೆ. ಅಕ್ಕಿ, ತರಕಾರಿ ತೊಳೆದ ಸಿಹಿನೀರೇ ಮೇಲು. ಕುಂಡದಡಿಯ ತಟ್ಟೆಯಲ್ಲಿ ನೀರು ನಿಂತರೆ ಡೆಂಗೆ ಹರಡುವ ಈಡಿಸ್ ಸೊಳ್ಳೆ ಒಂದೆರಡು ವಾರಗಳಲ್ಲೇ ಹುಟ್ಟಿ ಬೆಳೆಯುತ್ತದೆ. ವಾರಕ್ಕೊಮ್ಮೆಯಾದರೂ ತಟ್ಟೆಯನ್ನು ಬರಿದುಮಾಡಿ ಉಜ್ಜದವರ ತೋಟ ನೆರೆಮನೆಗೂ ಅಪಾಯ.

ಯಮುನೆಯ ಮಾಲಿನ್ಯವನ್ನು ಮನಗಂಡು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2015ರಲ್ಲಿ ನದಿಯ ನೆರೆಬಯಲಿನಲ್ಲಿ ಆಹಾರಬೆಳೆ ಬೆಳೆಯುವುದನ್ನು ನಿಷೇಧಿಸಿತು. ಅಂದಿನಿಂದ ಮನೆಯ ಬೆಳೆಯೊಂದೇ ಮದ್ದೆಂಬ ಮಾತೂ ಕೇಳಿಬರುತ್ತಿದೆ. ಲೆಕ್ಕ ಬೇರೆಯೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕನೊಬ್ಬನಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಬೇಕು; ನಾಲ್ವರು ವಯಸ್ಕರ ಮನೆಗೆ ತಿಂಗಳಿಗೆ 48 ಕಿಲೋ. ಹತ್ತು ಕುಂಡಗಳು ಇದನ್ನು ಪೂರೈಸಲಾರವು. ಪೇಟೆಯ ತರಕಾರಿಯನ್ನು ಚೆನ್ನಾಗಿ ತೊಳೆದು ತಿನ್ನುವುದು ತಪ್ಪದು.

ಹಾಗಾದರೆ ಲಾಭವೇನು? ಬೇಗ ಬಾಡುವ ಸೊಪ್ಪು ತಾಜಾ ಆಗಿ ದೊರೆಯುತ್ತದೆ. ಪೇಟೆಯಲ್ಲಿ ಸುಲಭವಾಗಿ ಸಿಗದ ಬಸಳೆ ಮಳೆಗಾಲದಲ್ಲಿ ಕೈಗೆಟಕುತ್ತದೆ. ನಿವೃತ್ತರಾದ ಹಿರಿಯರಿಗೆ ಬೆಳಗಿನ ಬಿಸಿಲು, ಮೈಗೆ ದುಡಿಮೆ, ಮೊಮ್ಮಕ್ಕಳೊಡನೆ ಕನ್ನಡದಲ್ಲಿ ಆಡಲು ನಾಲ್ಕು ಮಾತು ದೊರೆಯುತ್ತವೆ. ಇವು ಸಣ್ಣ ಗಳಿಕೆಗಳಲ್ಲ.

ರಾಜ್ಯೋತ್ಸವದ ಕಾಲಕ್ಕೂ ಇಲ್ಲಿ ಸೊಪ್ಪಿನ ಬಿತ್ತನೆ ಮುಗಿದಿರುವುದಿಲ್ಲ. ಕನ್ನಡ ಸಂಘಗಳು ಅಂದು ಹಾರ-ತುರಾಯಿಯ ಖರ್ಚನ್ನು ತಗ್ಗಿಸಿ ಮನೆಮನೆಗೆ ಬೀಜದ ಪೊಟ್ಟಣ ಹಂಚಲಿ. ಯಾರ ಗಿಡ ಯಾವ ತಿಂಗಳು, ಏಕೆ ಸತ್ತಿತೆಂಬುದನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಒಬ್ಬರ ನಷ್ಟ ಹತ್ತು ಮಂದಿಗೆ ತಿಳಿದರೆ ಅದೂ ಜಮೆಯೇ.