ತೊಟ್ಟಿಲು ತೂಗುವ ಕೈಗೆ ಆಸರೆ

ಕೂಸು ಹುಟ್ಟಿದ ಮನೆಗೆ ಹೋದವರು ಮೊದಲು ಕೇಳುವ ಪ್ರಶ್ನೆ, 'ಗಂಡೋ ಹೆಣ್ಣೋ?' ಎರಡನೆಯದು, 'ತೂಕ ಎಷ್ಟು?' ಮೂರನೆಯದು, 'ಯಾರ ಹಾಗಿದೆ?' ಮೂಗು ತಂದೆಯದೋ ಅಜ್ಜನದೋ ಎಂಬ ಚರ್ಚೆ ಚಹ ಮುಗಿಯುವ ತನಕ ನಡೆಯುತ್ತದೆ. ಆ ಕೂಸನ್ನು ಹೆತ್ತವಳು ನಿನ್ನೆ ರಾತ್ರಿ ಎಷ್ಟು ಹೊತ್ತು ಕಣ್ಣು ಮುಚ್ಚಿದಳು ಎಂದು ಕೇಳುವವರು ಮಾತ್ರ ವಿರಳ. ತಾಯಿಯನ್ನು ಹೊಗಳುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ತಾಯಿಯೇ ದೇವರು ಎನ್ನುತ್ತೇವೆ, ಸಹನೆಯಲ್ಲಿ ಭೂಮಿಗೆ ಸಮ ಎನ್ನುತ್ತೇವೆ. ಆದರೆ ಸಹೋದರಿಯರೇ, ಹೊಗಳಿಕೆಯಿಂದ ಕೂಸಿನ ಒಂದು ಬಟ್ಟೆಯೂ ಒಗೆದಂತಾಗುವುದಿಲ್ಲ. ದೇವರೆಂದು ಕರೆದು ಒಬ್ಬಳೇ ದುಡಿಯಲು ಬಿಡುವುದಕ್ಕಿಂತ, ಮನುಷ್ಯಳೆಂದು ತಿಳಿದು ಕೈ ಜೋಡಿಸುವುದು ಮೇಲು.

ಈ ದುಡಿಮೆಯ ಅಳತೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಹಸುಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅದರ ಹೊಟ್ಟೆ ಚಿಕ್ಕದು. ಎರಡು ಮೂರು ತಾಸಿಗೊಮ್ಮೆ ಬರಿದಾಗುತ್ತದೆ. ಹಗಲು ರಾತ್ರಿಗಳ ಭೇದ ಅದಕ್ಕೆ ಇನ್ನೂ ತಿಳಿಯದು. ಒಂದು ಸಲ ಹಾಲು ಕುಡಿಸಿ, ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ, ಒದ್ದೆ ಬಟ್ಟೆ ಬದಲಿಸಿ ಮಲಗಿಸಲು ಅರ್ಧ ತಾಸು ಹಿಡಿಯಿತೆನ್ನಿ. ಹತ್ತು ಸಲಕ್ಕೆ 5 ತಾಸು. ಇದು ಕೇವಲ ಹಾಲಿನ ಲೆಕ್ಕ. ಅಳು ಸಂತೈಸಿದ್ದು, ಎರೆದದ್ದು, ಒಗೆದದ್ದು ಬೇರೆ. ಇದರಲ್ಲಿ ಅರ್ಧ ಭಾಗ ಊರೆಲ್ಲ ಮಲಗಿದ ಮೇಲೆ ನಡೆಯುವ ಕೆಲಸ. ಹೀಗಿರುವಾಗ 'ಮನೆಯಲ್ಲೇ ಇರುತ್ತಾಳಲ್ಲ, ಅವಳಿಗೇನು ಕೆಲಸ?' ಎನ್ನುವ ಮಾತು ಕಾಯಕವನ್ನು ಅರಿಯದವರ ಮಾತು. ಪ್ರಾಮಾಣಿಕವಾದ ಯಾವ ದುಡಿಮೆಯೂ ಕೀಳಲ್ಲವೆಂದು ಸಾರಿದ ಶರಣರ ಪರಂಪರೆ ನಮ್ಮದು. ಕೂಸಿನ ಆರೈಕೆಯೂ ಕಾಯಕವೇ. ಕಾಯಕ ಮಾಡುವವರಿಗೆ ದಣಿವು ಉಂಟು, ದಣಿದವರಿಗೆ ವಿಶ್ರಾಂತಿಯ ಹಕ್ಕೂ ಉಂಟು.

ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ಕುಬಸ ಮಾಡಿ ಬಸುರಿಯನ್ನು ತವರಿಗೆ ಕಳುಹಿಸುವ ಪದ್ಧತಿಯ ಹಿಂದೆ ದೊಡ್ಡ ವಿವೇಕವಿತ್ತು. ಅತ್ತೆಯ ಮನೆಯ ಹೊಣೆಗಳಿಂದ ಅವಳಿಗೆ ಬಿಡುವು ದೊರೆಯುತ್ತಿತ್ತು. ತವರಿನಲ್ಲಿ ಅವ್ವನ ಕೈಯ ಎಣ್ಣೆ ನೀರು, ಬೆಳ್ಳುಳ್ಳಿಯ ಒಗ್ಗರಣೆ, ಸಬ್ಬಸಿಗೆ ಪಲ್ಯ, ಅಳವಿಯ ಪಾಯಸ, ಕೊಬ್ಬರಿ ಉತ್ತತ್ತಿ ಹಾಕಿ ಕಟ್ಟಿದ ಅಂಟಿನ ಉಂಡೆ ಎಲ್ಲವೂ ಬಾಣಂತಿಯ ಪಾಲಿಗೆ ಮೀಸಲು. ಕೂಸನ್ನು ಕಾಲಮೇಲೆ ಹಾಕಿಕೊಂಡು ಎರೆಯಲು ಅಜ್ಜಿ, ತೊಟ್ಟಿಲು ತೂಗಲು ಚಿಕ್ಕವ್ವ, ಬಟ್ಟೆ ಒಗೆಯಲು ಇನ್ನೊಬ್ಬರು. ಇಂದು ಆ ತವರು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಎರಡು ಕೋಣೆಯ ಮನೆಯಾಗಿದೆ. ಅಜ್ಜಿಗೆ ಮೊಣಕಾಲು ನೋವು. ಅವ್ವನೇ ನೌಕರಿಗೆ ಹೋಗುವವಳು. ದುಡಿಯುವ ಹೆಣ್ಣುಮಕ್ಕಳಿಗಾಗಿ 1961ರಲ್ಲಿ ಆದ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿ ತಂದು, ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದ್ದು ಒಳ್ಳೆಯ ಕೆಲಸವೇ. ಆದರೆ ಹೊಲದಲ್ಲಿ, ಅಂಗಡಿಯಲ್ಲಿ, ಅಡಿಗೆಮನೆಯಲ್ಲಿ ದುಡಿಯುವವಳಿಗೆ ರಜೆ ಮಂಜೂರು ಮಾಡುವ ಅಧಿಕಾರಿ ಮನೆಯವರಲ್ಲದೆ ಬೇರೆ ಯಾರೂ ಇಲ್ಲ.

ಇಲ್ಲಿ ನಮ್ಮ ಧರ್ಮದ ಒಂದು ಹಿರಿಮೆಯನ್ನು ನೆನಪಿಸಿಕೊಳ್ಳಬೇಕು. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದರಲ್ಲಿ ಯಾವುದೂ ಲಿಂಗವಂತರಿಗೆ ಮೈಲಿಗೆಯಲ್ಲ. ಅಂದಮೇಲೆ ಬಾಣಂತಿಯೂ ಮೈಲಿಗೆಯವಳಲ್ಲ. ಅವಳಿಗೆ ಕೋಣೆಯಲ್ಲಿ ವಿಶ್ರಾಂತಿ ಕೊಡುವುದು ಬೇರೆ, ಅವಳನ್ನು ಕೋಣೆಯಲ್ಲಿ ಒಬ್ಬಳನ್ನೇ ಇರಿಸುವುದು ಬೇರೆ. ಮೊದಲನೆಯದು ಆರೈಕೆ, ಎರಡನೆಯದು ಶಿಕ್ಷೆ. ಕಿಟಕಿ ಬಾಗಿಲು ಮುಚ್ಚಿ, ಕೆಂಡದ ಹೊಗೆ ಹಾಕಿ, 'ನೀರು ಹೆಚ್ಚು ಕುಡಿಯಬೇಡ' ಎಂದು ಬಾಯಾರಿಕೆಯಲ್ಲಿ ಇರಿಸುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಹಾಲೂಡುವ ತಾಯಿಗೆ ನೀರು ಹೆಚ್ಚೇ ಬೇಕು, ಬಾಯಾರಿದಾಗಲೆಲ್ಲ ಕುಡಿಯಬೇಕು. ಹೊಗೆ ಕೂಸಿನ ಎಳೆಯ ಶ್ವಾಸಕೋಶಕ್ಕೂ ತಾಯಿಗೂ ಕೇಡು. ಅಂಟಿನ ಉಂಡೆಯನ್ನು ಉಳಿಸಿಕೊಳ್ಳೋಣ, ಹೊಗೆಯನ್ನು ಬಿಡೋಣ. ಹಿರಿಯರಿಂದ ಬಂದದ್ದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಮೊರದಲ್ಲಿ ಕೇರಿ ನೋಡುವ ಕಲೆ ನಮ್ಮ ತಾಯಂದಿರಿಗೆ ಹೊಸದೇನಲ್ಲ.

ಬಾಣಂತಿಯ ಮನೆಯಲ್ಲಿ ನೀರಿಗೆ ಬರವಿದ್ದರೂ ಉಪದೇಶಕ್ಕೆ ಬರವಿಲ್ಲ. ಒಬ್ಬರು ಬಂದು 'ಕೂಸಿಗೆ ಕುಂಚಿಗೆ ಕಟ್ಟು, ಥಂಡಿ ಆದೀತು' ಎಂದರೆ, ಇನ್ನೊಬ್ಬರು 'ಸೆಕೆಯಲ್ಲಿ ಕುಂಚಿಗೆ ಯಾಕೆ, ಬಿಚ್ಚು' ಎನ್ನುತ್ತಾರೆ. ಒಬ್ಬರು ಬಜೆ ತೇಯ್ದು ನೆಕ್ಕಿಸಲು ಹೇಳಿದರೆ, ಇನ್ನೊಬ್ಬರು ಜೇನು. ಮೂರನೆಯವರು ತೊಟ್ಟಿಲೊಳಗೆ ಇಣುಕಿ, 'ಯಾಕವ್ವಾ, ಕೂಸು ಸೊರಗೇತಲ್ಲ, ಹಾಲು ಸಾಲೂದಿಲ್ಲೇನು?' ಎಂದು ಕೇಳಿ, ಕೊಟ್ಟ ಚಹ ಕುಡಿದು ಹೋಗುತ್ತಾರೆ. ಅವರು ಹೋದರೂ ಆ ಮಾತು ಹೋಗುವುದಿಲ್ಲ. ರಾತ್ರಿಯೆಲ್ಲ ತಾಯಿಯ ಎದೆಯಲ್ಲಿ ಕುಳಿತಿರುತ್ತದೆ. ವೈದ್ಯರ ಮಾತು ಇಲ್ಲಿ ಸರಳವಾಗಿದೆ. ಮೊದಲ 6 ತಿಂಗಳು ಕೂಸಿಗೆ ತಾಯಿಯ ಹಾಲೊಂದೇ ಸಾಕು. ನೀರೂ ಬೇಡ, ಜೇನೂ ಬೇಡ. ವರ್ಷ ತುಂಬುವ ತನಕ ಜೇನು ಅಪಾಯಕಾರಿ. ಕೂಸಿನ ತೂಕ ಸರಿಯಾಗಿ ಏರುತ್ತಿದ್ದು, ದಿನಕ್ಕೆ ಆರೇಳು ಸಲ ಬಟ್ಟೆ ಒದ್ದೆ ಮಾಡುತ್ತಿದ್ದರೆ ಹಾಲು ಸಾಲುತ್ತಿದೆಯೆಂದೇ ಅರ್ಥ. ತಕ್ಕಡಿ ಹೇಳುವುದನ್ನು ನಂಬಬೇಕು, ಚಹ ಕುಡಿಯಲು ಬಂದವರು ಹೇಳುವುದನ್ನಲ್ಲ.

ಇಂಥ ಹೊತ್ತಿನಲ್ಲಿ ಮನೆಯ ಹಿರಿಯರ ಒಂದು ಹಾಸ್ಯದ ಮಾತು ನೂರು ಔಷಧಿಗೆ ಸಮ. ಧಾರವಾಡದ ಕಡೆಯ ಒಂದು ಮನೆಯಲ್ಲಿ ನಡೆದದ್ದು. ಬಂದ ಅತಿಥಿಯೊಬ್ಬರು, 'ಏನವ್ವಾ, ನಿನ್ನ ಸೊಸಿ ಕೂಸು ಭಾಳ ಅಳತೈತಲ್ಲ' ಎಂದರು. ಸೊಸೆಯ ಮುಖ ಬಾಡಿತು. ಅತ್ತೆ ನಗುತ್ತ, 'ಅಳೂದಲ್ಲದ ಅದು ಬ್ಯಾರೆ ಏನು ಮಾಡಬೇಕವ್ವಾ? ಅದಕ್ಕಿನ್ನೂ ಮಾತಾಡಾಕ ಬರಂಗಿಲ್ಲ. ಮಾತು ಬಂದ ಮ್ಯಾಲ ನಮ್ಮಂಗ ಮಂದಿ ಸುದ್ದಿ ಮಾತಾಡತೈತಿ' ಎಂದರು. ಅತಿಥಿಯೂ ನಕ್ಕರು, ಸೊಸೆಯೂ ನಕ್ಕಳು. ಆ ಒಂದು ಮಾತಿನಲ್ಲಿ ಅತ್ತೆ ಸೊಸೆಯ ಪಕ್ಕದಲ್ಲಿ ನಿಂತಿದ್ದರು. ತಾಯಿಯೊಡನೆ ನಗುವುದು ಆಸರೆ. ತಾಯಿಯನ್ನು ಕಂಡು ನಗುವುದು ಮುಳ್ಳು. ಈ ಎರಡರ ಭೇದವನ್ನು ಮನೆಯವರೆಲ್ಲ ಅರಿತರೆ ಅರ್ಧ ಕಷ್ಟ ಕಳೆಯಿತು.

ಕೂಸು ನಡೆಯಲು ಕಲಿತ ಮೇಲೆ ಕಷ್ಟದ ರೂಪ ಬದಲಾಗುತ್ತದೆಯೇ ಹೊರತು ತೀರುವುದಿಲ್ಲ. ಮೂರು ವರ್ಷದ ಮಗು 'ನಾನೇ ಮಾಡ್ತೀನಿ' ಎಂದು ಹೊರಟಿತೆಂದರೆ, ಆ ಕೆಲಸ ಎರಡು ಸಲ ಮಾಡಬೇಕೆಂದು ತಿಳಿಯಬೇಕು. ಬೆಳಿಗ್ಗೆ ಲಿಂಗಪೂಜೆಗೆ ಕುಳಿತ ತಾಯಿಯೊಬ್ಬಳು ಕಣ್ಣು ತೆರೆದಾಗ, ಪಕ್ಕದಲ್ಲಿದ್ದ ವಿಭೂತಿಯ ಕರಡಿಗೆ ಬರಿದಾಗಿತ್ತು. ಮಗ ತನ್ನ ಮೈಗೆ, ಗೋಡೆಗೆ, ಕೊನೆಗೆ ಮನೆಯ ಬೆಕ್ಕಿನ ಹಣೆಗೂ ವಿಭೂತಿ ಬಳಿದು ಕೈಮುಗಿದು ನಿಂತಿದ್ದ. ಬೈಯಲು ಬಾಯಿ ತೆರೆದವಳು ಬೆಕ್ಕಿನ ಮುಖ ನೋಡಿ, 'ಆಯಿತಪ್ಪಾ, ಬೆಕ್ಕಿಗೂ ದೀಕ್ಷೆ ಆಯಿತು. ಇನ್ನು ಮೇಲೆ ಇಲಿ ಹಿಡಿಯುವಂತಿಲ್ಲ ಎಂದು ಅದಕ್ಕೆ ನೀನೇ ಹೇಳಬೇಕು' ಎಂದಳು. ಗೋಡೆಯನ್ನು ಹೇಗೂ ಒರೆಸಲೇಬೇಕಿತ್ತು. ಸಿಟ್ಟಿನಿಂದ ಒರೆಸಿದರೂ ಅಷ್ಟೇ ಹೊತ್ತು, ನಗುತ್ತ ಒರೆಸಿದರೂ ಅಷ್ಟೇ ಹೊತ್ತು. ನಕ್ಕಳೆಂದು ಮಗನನ್ನು ತಿದ್ದದೆ ಬಿಟ್ಟಳೆಂದಲ್ಲ; ಒದ್ದೆ ಬಟ್ಟೆಯೊಂದನ್ನು ಅವನ ಕೈಗೂ ಕೊಟ್ಟಳು.

ಹಾಗೆಂದು ಎಲ್ಲ ದಿನವೂ ನಗು ಬರುವುದಿಲ್ಲ. ಒಲೆಯ ಮೇಲೆ ರೊಟ್ಟಿ, ಬಾಗಿಲಲ್ಲಿ ಶಾಲೆಯ ವಾಹನ, ಒಂದು ಕಾಲಿನ ಸಾಕ್ಸ್ ಕಾಣೆ. ರಾತ್ರಿ ಒಂಬತ್ತು ಗಂಟೆಗೆ ಮಲಗುವಾಗ ಮಗಳಿಗೆ ನೆನಪಾಗುತ್ತದೆ, 'ಅವ್ವಾ, ನಾಳೆ ಚಾರ್ಟ್ ಪೇಪರ್ ತರಬೇಕಂತೆ.' ಇದರ ನಡುವೆ ಕೈಯಲ್ಲಿನ ಮೊಬೈಲ್ ಫೋನ್ ಪರರ ಮನೆಯ ಅಂದವಾದ ಮಕ್ಕಳನ್ನೂ, ಹೊಳೆಯುವ ಅಡಿಗೆಮನೆಯನ್ನೂ ತೋರಿಸಿ, 'ನೀನು ಸಾಲದವಳು' ಎಂದು ಪಿಸುಗುಟ್ಟುತ್ತದೆ. ಆಗ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. ಪತಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಂದಿನ ದಾಸೋಹಕ್ಕೆ ಬೇಕಾದಷ್ಟನ್ನು ಇರಿಸಿಕೊಂಡು ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರಲು ಹೇಳಿದ ಮಹಾಶರಣೆ ಆಕೆ. ಎಷ್ಟು ಸಾಕು ಎಂಬುದನ್ನು ಅರಿತವಳು. ತಾಯಿಯೂ ಪ್ರತಿದಿನ ಬೇರೆಯವರ ನಿರೀಕ್ಷೆಗಳನ್ನು ಉಡಿಯಲ್ಲಿ ತುಂಬಿಕೊಂಡು ಮನೆಗೆ ತರುತ್ತಾಳೆ. ಮಗು ಉಂಡಿದೆಯೇ, ಸುರಕ್ಷಿತವಾಗಿದೆಯೇ, ಪ್ರೀತಿಯ ಒಂದು ಮಾತು ಕೇಳಿದೆಯೇ? ಇಂದಿಗೆ ಇಷ್ಟು ಸಾಕು. ಮಿಕ್ಕದ್ದನ್ನು ಎಲ್ಲಿಂದ ತಂದೆವೋ ಅಲ್ಲಿಯೇ ಸುರಿದು ಬರೋಣ.

ಇನ್ನು ಆಸರೆಯ ಮಾತು. 'ಏನಾದರೂ ಬೇಕಿದ್ದರೆ ಹೇಳು' ಎಂಬ ಮಾತಿನಿಂದ ತಾಯಿಗೆ ಹೆಚ್ಚು ಪ್ರಯೋಜನವಿಲ್ಲ. ಕೇಳಲು ಸಂಕೋಚಪಡುವುದೇ ಅವಳ ಸ್ವಭಾವ. ಅವಳು ಹೇಳುವ ಮೊದಲೇ ಮಾಡುವುದು ದಾಸೋಹ. ತೊಟ್ಟಿಲಿನ ಕಾರ್ಯಕ್ಕೆ ಹತ್ತನೆಯ ಅಂಗಿ ಕೊಡುವ ಬದಲು, ಮರುವಾರ ಒಂದು ಹೊತ್ತಿನ ರೊಟ್ಟಿ ಪಲ್ಯ ಕಟ್ಟಿಕೊಂಡು ಹೋಗಬಹುದು. ಒಂದು ತಾಸು ಕೂಸನ್ನು ಎತ್ತಿಕೊಂಡು ಕುಳಿತು, 'ನೀನು ಮಲಗು ತಂಗೀ' ಎನ್ನಬಹುದು. ದೊಡ್ಡ ಮಗುವನ್ನು ಶಾಲೆಗೆ ಬಿಟ್ಟು ಬರಬಹುದು. ಹಾಲುಣಿಸುವುದೊಂದನ್ನು ಬಿಟ್ಟರೆ ಕೂಸಿನ ಉಳಿದೆಲ್ಲ ಕೆಲಸವನ್ನೂ ತಂದೆ ಮಾಡಬಲ್ಲನು. ಅದಕ್ಕೆ ಬೇರೆ ಕೈಗಳೇನೂ ಬೇಕಾಗಿಲ್ಲ. 'ನಾನು ಹೆಂಡತಿಗೆ ಸಹಾಯ ಮಾಡುತ್ತೇನೆ' ಎಂದು ಹೆಮ್ಮೆಪಡುವ ಸಹೋದರರು ಒಂದು ಕ್ಷಣ ಯೋಚಿಸಬೇಕು. ತನ್ನ ಕೂಸನ್ನು ತಾನೇ ಎತ್ತಿಕೊಳ್ಳುವುದು ಯಾರಿಗೆ ಮಾಡಿದ ಉಪಕಾರ? ಅನುಭವ ಮಂಟಪದಲ್ಲಿ ಶರಣ ಶರಣೆಯರು ಸರಿಸಮಾನರಾಗಿ ಕುಳಿತರೆಂದು ಭಾಷಣದಲ್ಲಿ ಹೇಳುವ ನಾವು, ಆ ಸಮಾನತೆಯನ್ನು ತೊಟ್ಟಿಲಿನ ಬಳಿಗೂ ತರಬೇಕು.

ನಗು ಸಾಲದ, ಮನೆಯವರ ಆಸರೆಯಷ್ಟೇ ಸಾಲದ ಸಂದರ್ಭಗಳೂ ಉಂಟು. ಹೆರಿಗೆಯಾದ ಮೂರು ನಾಲ್ಕನೆಯ ದಿನ ಅಕಾರಣವಾಗಿ ಅಳು ಬರುವುದು, ಮನಸ್ಸು ಕುಗ್ಗುವುದು ಬಹಳ ತಾಯಂದಿರಲ್ಲಿ ಕಾಣುತ್ತದೆ. ದೇಹದಲ್ಲಿನ ರಸಗಳ ಏರಿಳಿತ, ನಿದ್ರೆಯ ಕೊರತೆ ಇದಕ್ಕೆ ಕಾರಣ. ಎರಡು ವಾರದೊಳಗೆ ಅದು ತಾನಾಗಿ ಇಳಿಯುತ್ತದೆ. ಇಳಿಯದೆ ಮುಂದುವರಿದರೆ, ಕೂಸು ಮಲಗಿದಾಗಲೂ ತಾಯಿಗೆ ನಿದ್ರೆ ಬಾರದಿದ್ದರೆ, ಅನ್ನ ಸೇರದಿದ್ದರೆ, ಕೂಸನ್ನು ಕಂಡರೆ ಬೇಸರವೆನಿಸಿದರೆ, 'ನಾನು ಬದುಕಿ ಏನು ಪ್ರಯೋಜನ' ಎಂಬ ಮಾತು ಬಂದರೆ, ಅದು ಖಿನ್ನತೆ ಇರಬಹುದು. ಸೋಮಾರಿತನವಲ್ಲ, ಮೊಂಡುತನವಲ್ಲ, ತಾಯಿಪ್ರೀತಿಯ ಕೊರತೆಯೂ ಅಲ್ಲ. ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಸಾಯುವ ಮಾತು ಬಂದರಂತೂ ಎರಡು ವಾರ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು.

ನಮ್ಮ ಹಿರಿಯರು 'ಬಾಣಂತಿ ಸನ್ನಿ' ಎಂಬ ಮಾತನ್ನು ಬಳಸುತ್ತಿದ್ದರು. ಹೆರಿಗೆಯ ನಂತರ ಬುದ್ಧಿ ಕದಡುವ ತೀವ್ರ ಸ್ಥಿತಿ ಇರುವುದನ್ನು ಅವರೂ ಕಂಡಿದ್ದರು. ಸಾವಿರ ಹೆರಿಗೆಗಳಲ್ಲಿ ಒಂದೆರಡು ಕಡೆ ಕಾಣುವ ಈ ಕಾಯಿಲೆಯಲ್ಲಿ ತಾಯಿ ಇಲ್ಲದ್ದನ್ನು ಕೇಳುತ್ತಾಳೆ, ಕಾಣುತ್ತಾಳೆ, ಸಂಬಂಧವಿಲ್ಲದ ಮಾತನಾಡುತ್ತಾಳೆ. ಇದು ದೆವ್ವದ ಕಾಟವಲ್ಲ. ತಾಯತ ಕಟ್ಟಿಸುತ್ತ ದಿನ ಕಳೆದರೆ ತಾಯಿಗೂ ಕೂಸಿಗೂ ಜೀವಾಪಾಯ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವು 2009ರಲ್ಲಿ ಆರಂಭವಾಯಿತು. ಮನಸ್ಸಿನ ಕಷ್ಟಕ್ಕಾಗಿ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲಿಯೇ ಮಾತನಾಡಬಹುದು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆ ಭೇಟಿ ಕೊಡುವ ಕ್ರಮವಿದೆ. ಆಕೆ ಬಂದಾಗ ಕೂಸಿನ ತೂಕವನ್ನಷ್ಟೇ ಅಲ್ಲ, ತಾಯಿಯ ಮನಸ್ಸಿನ ಭಾರವನ್ನೂ ಹೇಳಿಕೊಳ್ಳಬೇಕು. ಹೇಳಲು ತಾಯಿಗೆ ಆಗದಿದ್ದರೆ ಮನೆಯವರು ಹೇಳಬೇಕು.

ಊರೂರಿನ ಅಕ್ಕನ ಬಳಗಗಳಲ್ಲಿ ಒಂದು ವಿನಂತಿ. ವಚನ ಪಾರಾಯಣ, ಪ್ರಾರ್ಥನೆ ಮುಗಿದ ಮೇಲೆ ಅರ್ಧ ತಾಸನ್ನು ಎಳೆಯ ಮಕ್ಕಳ ತಾಯಂದಿರ ಅನುಭವಕ್ಕೆ ಮೀಸಲಿಡಿ. ಕೂಸನ್ನು ಕರೆತರಲು ಬಿಡಿ. ಅದು ಅತ್ತರೆ ಅಳಲಿ. ಅಲ್ಲಿ ಉಪದೇಶ ಬೇಡ, ತೀರ್ಪು ಬೇಡ. 'ನಿನ್ನೆ ನಾನೂ ಅತ್ತೆ' ಎಂದು ಒಬ್ಬಳು ಹೇಳಿದರೆ, 'ಮೂವತ್ತು ವರ್ಷದ ಹಿಂದೆ ನಾನೂ ಅತ್ತಿದ್ದೆ' ಎಂದು ಹಿರಿಯಳೊಬ್ಬಳು ಹೇಳಲಿ. ಅದಕ್ಕಿಂತ ದೊಡ್ಡ ಸಾಂತ್ವನವಿಲ್ಲ. ಹಾಗೆ ಅತ್ತವರೇ ಬೆಳೆಸಿದ ಮಕ್ಕಳು ನಾವೆಲ್ಲರೂ.

ಈ ತಿಂಗಳು ನಿಮ್ಮ ಓಣಿಯಲ್ಲಿ ಯಾವ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದಾರೆ ಎಂದು ನೋಡಿ. ಹೋಗುವಾಗ ಕೈಯಲ್ಲಿ ಬುತ್ತಿ ಇರಲಿ, ಬಾಯಲ್ಲಿ ಒಂದು ನಗೆಮಾತು ಇರಲಿ. ಹೋದಮೇಲೆ ಕೂಸಿನ ಮೂಗು ಯಾರದೆಂದು ಅವಶ್ಯ ಚರ್ಚಿಸಿ. ಆದರೆ ಅದಕ್ಕೂ ಮೊದಲು ತಾಯಿಯ ಹತ್ತಿರ ಕುಳಿತು, 'ನೀನು ಹೇಗಿದ್ದೀಯವ್ವಾ?' ಎಂದು ಕೇಳಿ. ಉತ್ತರ ಬರುವ ತನಕ ಎದ್ದು ಬರಬೇಡಿ.