ಬಾನುಲಿ ನಾಟಕದ ಬಾಗಿಲು ಯಾರಿಗೆ ತೆರೆದಿದೆ?

ಕಳೆದ ತಿಂಗಳು ರಾತ್ರಿ ಪಾಳಿ ಮುಗಿಸಿಕೊಂಡು ನೂಲುವ ಖಾತೆಯ ಗೆಳೆಯರೊಬ್ಬರು ನಮ್ಮ ಸಂಘದ ಕಚೇರಿಗೆ ಬಂದರು. ಅಂಗಿಯ ಜೇಬಿನಿಂದ ಎರಡು ಮಡಿಕೆಯಾದ ನೋಟುಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟು, "ಮೇಷ್ಟ್ರೇ, ಒಂದು ನಾಟಕ ಬರೆದೀನಿ. ಸ್ಟೇಜಿಗಲ್ಲ, ರೇಡಿಯೋಗೆ. ಇದನ್ನ ಯಾರಿಗೆ ಕೊಡಬೇಕು, ಹ್ಯಾಗೆ ಕೊಡಬೇಕು, ನೀವೇ ಹೇಳಿ" ಎಂದರು.

ನಾವು ಓದಿದೆವು. ಪಾಳಿ ಬದಲಾಗುವ ಅರ್ಧ ಗಂಟೆಯಲ್ಲಿ ನಡೆಯುವ ಕಥೆ. ಒಬ್ಬ ಹುಡುಗನ ಬೆರಳು ಯಂತ್ರಕ್ಕೆ ಸಿಕ್ಕಿದೆ. ಅದನ್ನು ರಿಜಿಸ್ಟರಿನಲ್ಲಿ ಬರೆಯಬೇಕೋ ಬೇಡವೋ ಎಂಬುದೇ ಅಲ್ಲಿನ ವಾದ. ಸದ್ದು ನಿಂತ ಕ್ಷಣಕ್ಕೆ ಇಡೀ ಖಾತೆಗೆ ಏನೋ ಅನಾಹುತವಾಗಿದೆ ಎಂದು ತಿಳಿಯುತ್ತದೆ. ಯಂತ್ರದ ಸದ್ದಿನಲ್ಲಿ ಹದಿನೈದು ವರ್ಷ ನಿಂತವನೇ ಬರೆಯಬಲ್ಲ ಮಾತು ಅದು. ನಾಟಕ ಕಣ್ಣಿಗಾಗಿ ಬರೆದದ್ದಲ್ಲ, ನಿಜವಾಗಿಯೂ ಕಿವಿಗಾಗಿ ಬರೆದದ್ದು.

ಆದರೆ ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ನಮ್ಮಿಂದ ಆಗಲಿಲ್ಲ. ಮಕ್ಕಳಿಗೆ ಪ್ರಶ್ನೆ ಕೇಳುವ ಉದ್ಯೋಗದಲ್ಲಿ ಕೆಲವು ವರ್ಷ ಕಳೆದ ನಮಗೆ ಇದು ನಾಚಿಕೆಯ ವಿಷಯವೇ. ಹಾಗಾಗಿ ವಿಚಾರಿಸತೊಡಗಿದೆವು. ಬಾನುಲಿ ನಾಟಕವನ್ನು ಹೊರಗಿನವರಿಂದ ಮಾಡಿಸಿಕೊಳ್ಳುವ ಪದ್ಧತಿಯನ್ನು ಅಚ್ಚುಕಟ್ಟಾಗಿ ಬರೆದು, ಎಲ್ಲರ ಕಣ್ಣಿಗೆ ಬೀಳುವಂತೆ ಪ್ರಕಟಿಸಿರುವವರು ಇಂಗ್ಲೆಂಡಿನ ಬಿ.ಬಿ.ಸಿ.ಯವರು. ಆ ಪದ್ಧತಿ ಏನು, ಅದರಲ್ಲಿ ಗುಣವೆಷ್ಟು, ದೋಷವೆಷ್ಟು, ನಮಗೆ ಅದರಿಂದ ಕಲಿಯುವುದೇನು ಎಂಬುದನ್ನು ಓದುಗ ಬಂಧುಗಳ ಮುಂದಿಡುತ್ತೇವೆ.

ಅಲ್ಲಿನ 'ರೇಡಿಯೋ ಫೋರ್' ಎಂಬ ವಾಹಿನಿಗೆ ನಾಟಕ ಬೇಕಾದಾಗ ಮೊದಲು ಒಂದು ಬೇಡಿಕೆಯ ಪತ್ರ ಪ್ರಕಟವಾಗುತ್ತದೆ. ಯಾವ ಹೊತ್ತಿಗೆ, ಎಷ್ಟು ನಿಮಿಷದ, ಎಷ್ಟು ಕಂತಿನ ನಾಟಕ ಬೇಕು, ಯಾವ ಬಗೆಯದು ಬೇಕು, ಯಾವುದು ಈಗಾಗಲೇ ಸಾಕಷ್ಟಿದೆ, ಒಂದಕ್ಕೆ ಸುಮಾರು ಎಷ್ಟು ಹಣ ಕೊಡಲಾಗುವುದು, ಕೊನೆಯ ದಿನಾಂಕ ಯಾವುದು ಎಂಬುದೆಲ್ಲ ಅದರಲ್ಲಿರುತ್ತದೆ. ಮಧ್ಯಾಹ್ನದ ನಾಟಕಕ್ಕೆ ಬಹುಕಾಲದಿಂದ ಬಂದ ಅಳತೆ ಮುಕ್ಕಾಲು ಗಂಟೆ. ಜವಳಿ ಅಂಗಡಿಯವರು ನೇಕಾರರಿಗೆ ಅಗಲ ಇಷ್ಟು, ಉದ್ದ ಇಷ್ಟು, ಅಂಚು ಇಂಥದು ಎಂದು ಬರೆದುಕೊಡುವುದಿಲ್ಲವೇ, ಹಾಗೆಯೇ ಇದೂ.

ಇದಕ್ಕೆ ಉತ್ತರ ಬರೆಯುವವನು ನಾಟಕಕಾರನಲ್ಲ, ನಿರ್ಮಾಪಕ. ಅವನು ಸಂಸ್ಥೆಯೊಳಗಿನ ನಾಟಕ ವಿಭಾಗದವನಾಗಿರಬಹುದು, ಇಲ್ಲವೇ ಹೆಸರು ನೋಂದಾಯಿಸಿಕೊಂಡ ಹೊರಗಿನ ಸ್ವತಂತ್ರ ಕಂಪನಿಯವನಾಗಿರಬಹುದು. ಮೊದಲ ಸುತ್ತಿನಲ್ಲಿ ಅವನು ಒಂದು ಚಿಕ್ಕ ಪ್ರಸ್ತಾವ ಕಳುಹಿಸುತ್ತಾನೆ. ಕಥೆಯ ತಿರುಳೇನು, ಬರೆಯುವವರು ಯಾರು, ಇದನ್ನು ಈಗಲೇ ಏಕೆ ಕೇಳಬೇಕು, ಕಿವಿಯಿಂದಲೇ ಏಕೆ ಕೇಳಬೇಕು ಎಂಬುದನ್ನು ಕೆಲವೇ ನೂರು ಶಬ್ದಗಳಲ್ಲಿ ಹೇಳಿ ಮುಗಿಸಬೇಕು. ಬಂದ ಪ್ರಸ್ತಾವಗಳಲ್ಲಿ ಬಹುಪಾಲು ಇಲ್ಲಿಯೇ ಉದುರುತ್ತವೆ. ಉಳಿದವರನ್ನು ಕರೆದು ಮಾತಾಡಿ, ಪೂರ್ಣ ಪ್ರಸ್ತಾವ ಕೇಳುತ್ತಾರೆ. ನಾಟಕ ಹೇಗೆ ಸಾಗುತ್ತದೆ, ನಟರು ಯಾರು, ಖರ್ಚು ಎಷ್ಟು ಎಂಬ ವಿವರವೆಲ್ಲ ಆಗ ಬೇಕು. ಅದು ಒಪ್ಪಿಗೆಯಾದ ಮೇಲೆ ಕರಾರು, ಆಮೇಲೆ ಲಿಪಿ, ಧ್ವನಿಮುದ್ರಣ, ಪ್ರಸಾರ. ಅಂದರೆ ನಾಟಕ ಬರೆಯುವುದಕ್ಕೆ ಮೊದಲೇ ನಾಟಕ ಮಾರಾಟವಾಗಿರಬೇಕು.

ಬರೆಯುವವನು ನೇರವಾಗಿ ಹೋಗಲು ದಾರಿಯೇ ಇಲ್ಲವೇ? ಈ ಸುತ್ತಿನೊಳಗೆ ಇಲ್ಲ. ಅವನು ತನ್ನ ಮಾತಿಗೆ ಕಿವಿಗೊಡುವ ನಿರ್ಮಾಪಕನೊಬ್ಬನನ್ನು ಹುಡುಕಿಕೊಳ್ಳಬೇಕು. ಹೊಸಬರ ಲಿಪಿಗಳನ್ನು ಓದುವ ಬೇರೊಂದು ವಿಭಾಗ ಅಲ್ಲಿದೆ. ಅದು ಗೊತ್ತಾದ ಅವಧಿಯಲ್ಲಿ ಯಾರು ಕಳುಹಿಸಿದರೂ ಓದುತ್ತದೆ. ಆದರೆ ಅಲ್ಲಿ ಓದಿದ ಮಾತ್ರಕ್ಕೆ ಪ್ರಸಾರವಾಯಿತು ಎಂದು ತಿಳಿಯಬಾರದು.

ಈಗ ಗುಣಗಳನ್ನು ಹೇಳೋಣ. ಪರದೇಶದ್ದೆಂಬ ಕಾರಣಕ್ಕೆ ಒಳ್ಳೆಯದನ್ನು ಮುಚ್ಚಿಡುವುದು ಸಮಾಜವಾದಿಗಳ ಲಕ್ಷಣವಲ್ಲ. ಬೇಕಾದದ್ದೇನೆಂದು ಬರೆದು ಹೇಳುತ್ತಾರೆ. ದಿನಾಂಕ ಹೇಳುತ್ತಾರೆ. ಬೆಲೆ ಹೇಳುತ್ತಾರೆ. ಸಾಹೇಬರ ಕೋಣೆಯ ಮುಂದೆ ನಿಂತು ಮುಖಪರಿಚಯ ಮಾಡಿಕೊಳ್ಳುವುದೇ ಅರ್ಹತೆಯಾಗಿರುವ ಕಡೆ ಇವು ಸಣ್ಣ ಮಾತುಗಳಲ್ಲ. ಇನ್ನೊಂದು ಸಂಗತಿಯನ್ನು ನಮ್ಮ ಕಾಮಗಾರ ಬಂಧುಗಳು ವಿಶೇಷವಾಗಿ ಗಮನಿಸಬೇಕು. ಅಲ್ಲಿಯ ಬರಹಗಾರರಿಗೆ ಒಂದು ಸಂಘವಿದೆ. ಅದೂ ನಿಮ್ಮ ಗಿರಣಿ ಯೂನಿಯನ್ನಿನಂತೆ ಕಾರ್ಮಿಕ ಸಂಘವೇ. ರೇಡಿಯೋ ನಾಟಕಕ್ಕೆ ನಿಮಿಷವೊಂದಕ್ಕೆ ಇಷ್ಟಕ್ಕಿಂತ ಕಡಿಮೆ ಕೊಡಕೂಡದು ಎಂದು ಆ ಸಂಘ ಬಿ.ಬಿ.ಸಿ.ಯೊಡನೆ ಒಪ್ಪಂದ ಮಾಡಿಕೊಂಡಿದೆ. ಕಲೆಗೆ ಬೆಲೆ ಕಟ್ಟಬಾರದು ಎಂದು ಹೇಳುವವರೆಲ್ಲ ಸಾಮಾನ್ಯವಾಗಿ ಬೆಲೆ ಕೊಡಬೇಕಾದ ಜನರೇ ಆಗಿರುತ್ತಾರೆ. ಅಲ್ಲಿಯ ಬರಹಗಾರರು ಆ ಮಾತಿಗೆ ಮರುಳಾಗಲಿಲ್ಲ.

ಇನ್ನು ದೋಷ. ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಿವಿಗೆಂದೇ ಬರೆಯಿಸಿದ ಮೊದಲ ಇಂಗ್ಲಿಷ್ ನಾಟಕಗಳಲ್ಲಿ ಒಂದೆಂದು ಹೆಸರಾದ ನಾಟಕ ಲಂಡನ್ನಿನಿಂದ ಪ್ರಸಾರವಾದದ್ದು ೧೯೨೪ರ ಜನವರಿ ೧೫ರಂದು. ಬರೆದವರು ರಿಚರ್ಡ್ ಹ್ಯೂಸ್. ನಾಟಕ ನಡೆಯುವುದು ವೇಲ್ಸಿನ ಕಲ್ಲಿದ್ದಲ ಗಣಿಯೊಳಗೆ. ದೀಪಗಳು ಆರಿಹೋಗುತ್ತವೆ. ಕತ್ತಲೆಯಲ್ಲಿ ನೀರು ಏರುತ್ತದೆ. ಕೇಳುವವರಿಗೂ ದೀಪ ಆರಿಸಿ ಕುಳಿತುಕೊಳ್ಳಿರೆಂದು ಹೇಳಿದ್ದರಂತೆ. ಬಹಳ ಜಾಣತನದ ಕಲ್ಪನೆ, ಒಪ್ಪಬೇಕು. ಆದರೆ ಒಂದು ಮಾತು. ಆ ಗಣಿಯಲ್ಲಿ ಸಿಕ್ಕಿಬಿದ್ದು ಮಾತಾಡುವವರು ಗಣಿ ಕೆಲಸಗಾರರಲ್ಲ, ಗಣಿ ನೋಡಲು ಬಂದ ಪ್ರವಾಸಿಗಳು! ಗಣಿಯವರದು ದೂರದಿಂದ ಕೇಳುವ ಹಾಡು ಮಾತ್ರ. ಬಾನುಲಿ ನಾಟಕ ಹುಟ್ಟಿದ್ದು ದುಡಿಮೆಯ ಜಾಗದಲ್ಲಿಯೇ. ಆದರೆ ದುಡಿಯುವವನು ಅಲ್ಲಿ ಹಿನ್ನೆಲೆಗೆ ಸರಿದಿದ್ದ.

ಅವನನ್ನು ಮುಂದಕ್ಕೆ ತಂದವರು ಚಾರ್ಲ್ಸ್ ಪಾರ್ಕರ್ ಎಂಬ ಬಿ.ಬಿ.ಸಿ. ನಿರ್ಮಾಪಕರು, ಈವನ್ ಮೆಕಾಲ್ ಎಂಬ ಹಾಡುಗಾರರು ಮತ್ತು ಪೆಗ್ಗಿ ಸೀಗರ್. ೧೯೫೭ರ ಫೆಬ್ರವರಿ ೯ರಂದು ಜಾನ್ ಆಕ್ಸನ್ ಎಂಬ ರೈಲು ಚಾಲಕ, ಉಗಿಯ ಕೊಳವೆ ಒಡೆದು ಬ್ರೇಕು ತಪ್ಪಿ ಇಳಿಜಾರಿನಲ್ಲಿ ಓಡತೊಡಗಿದ ಸರಕುಗಾಡಿಯನ್ನು ಬಿಟ್ಟು ಹಾರಲಿಲ್ಲ. ಜೊತೆಯವನಿಗೆ ಹಾರಿಕೊಳ್ಳಲು ಹೇಳಿ, ತಾನು ಎಂಜಿನ್ನಿನಲ್ಲಿಯೇ ಉಳಿದು, ಡಿಕ್ಕಿಯಲ್ಲಿ ಸತ್ತ. ಈ ಕಥೆಯನ್ನು ನಾಟಕ ಮಾಡಬೇಕೆಂದು ಹೊರಟವರು ರೈಲ್ವೆ ನೌಕರರ ಮಾತುಗಳನ್ನು ಮೊದಲು ಟೇಪಿನಲ್ಲಿ ಹಿಡಿದುಕೊಂಡರು. ಅದನ್ನು ಆಧರಿಸಿ ಬರೆದು, ನಟರಿಂದ ಆಡಿಸಬೇಕೆಂಬುದು ಅವರ ಯೋಚನೆ. ಆದರೆ ಟೇಪನ್ನು ಕೇಳುತ್ತ ಕುಳಿತಾಗ ಈ ಮಾತನ್ನು ಯಾವ ನಟನೂ ಆಡಲಾರ ಎಂದು ಅವರಿಗೆ ಹೊಳೆಯಿತು. ನೌಕರರ ದನಿಯನ್ನೇ ಇಟ್ಟು, ನಡುನಡುವೆ ಹಾಡು ಹೆಣೆದು, ೧೯೫೮ರ ಜುಲೈಯಲ್ಲಿ ಪ್ರಸಾರ ಮಾಡಿದರು. ಆ ಬಗೆಯ ಎಂಟು ಕೃತಿಗಳು ೧೯೬೪ರವರೆಗೆ ಬಂದವು. ರಸ್ತೆ ಕಡಿಯುವವರು, ಮೀನು ಹಿಡಿಯುವವರು, ಕಲ್ಲಿದ್ದಲು ತೆಗೆಯುವವರು ತಮ್ಮ ಬಾಯಿಂದಲೇ ಮಾತಾಡಿದರು. ಆಮೇಲೆ ಖರ್ಚು ಹೆಚ್ಚೆಂದು ಅದು ನಿಂತಿತು. ೧೯೭೨ರಲ್ಲಿ ಪಾರ್ಕರ್ ಅವರನ್ನೇ ಕೆಲಸದಿಂದ ತೆಗೆದರು.

ನಾವು ಕೇಳುವುದಿಷ್ಟೆ. ಆ ಕೃತಿ ಕೆಲವು ನೂರು ಶಬ್ದಗಳ ಪ್ರಸ್ತಾವದಲ್ಲಿ ಹೊರಬೀಳುತ್ತಿತ್ತೇ? ಎಂಜಿನ್ ಷೆಡ್ಡಿಗೆ ಹೋಗಿ ಕೇಳುವ ತನಕ ಅದರ ರೂಪ ಮಾಡುವವರಿಗೇ ತಿಳಿದಿರಲಿಲ್ಲ. ತಿಳಿಯದ್ದನ್ನು ನಮೂನೆಯಲ್ಲಿ ತುಂಬುವುದು ಹೇಗೆ? ಇಂಥ ಪದ್ಧತಿಯ ಮೂಲದೋಷ ಇಲ್ಲಿದೆ. ಒಳ್ಳೆಯ ನಾಟಕ ಬರೆಯುವ ಶಕ್ತಿ ಬೇರೆ, ಒಳ್ಳೆಯ ಅರ್ಜಿ ಬರೆಯುವ ಶಕ್ತಿ ಬೇರೆ. ಎರಡನೆಯದು ಯಾರಲ್ಲಿ ಹೆಚ್ಚಿರುತ್ತದೆ ಎಂಬುದನ್ನು ತಾಲೂಕು ಕಚೇರಿಯ ಮೆಟ್ಟಿಲು ಹತ್ತಿದ ಯಾರಿಗೂ ನಾವು ವಿವರಿಸಬೇಕಾಗಿಲ್ಲ.

ಎರಡನೆಯ ದೋಷ ಹಣದ್ದು. ೨೦೧೭ರಲ್ಲಿ ಜಾರಿಗೆ ಬಂದ ಸನ್ನದಿನ ಪ್ರಕಾರ, ಸುದ್ದಿ ಮೊದಲಾದುವನ್ನು ಬಿಟ್ಟು ಉಳಿದ ರೇಡಿಯೋ ಗಂಟೆಗಳಲ್ಲಿ ಶೇಕಡಾ ೬೦ರಷ್ಟನ್ನು ೨೦೨೨ರ ಕೊನೆಯೊಳಗೆ ಸ್ಪರ್ಧೆಗೆ ಬಿಡಬೇಕೆಂದು ಬಿ.ಬಿ.ಸಿ.ಗೆ ವಿಧಿಸಲಾಯಿತು. ಸ್ಪರ್ಧೆ ಎಂದರೆ ಕೇಳಲು ಇಂಪು. ಆದರೆ ಪ್ರಸ್ತಾವ ಬರೆಯುವ ದಿನಗಳಿಗೆ ಸಂಬಳ ಕೊಡುವವರು ಯಾರು? ಹತ್ತು ಬರೆದರೆ ಒಂದು ಸಿಗಬಹುದು. ಒಂಬತ್ತರ ನಷ್ಟ ತಾಳಬಲ್ಲವನು ದೊಡ್ಡ ಕಂಪನಿಯವನು. ಟೆಂಡರಿನಲ್ಲಿ ಠೇವಣಿ ಕಟ್ಟಲಾರದೆ ಹಿಂದೆ ಸರಿದ ನಮ್ಮ ಚಿಕ್ಕ ವ್ಯಾಪಾರಿಗಳಿಗೆ ಈ ಲೆಕ್ಕ ಬಾಯಿಪಾಠ. ಕೊಡುವ ದುಡ್ಡಾದರೂ ಯಾರದು? ಜನರದೇ. ಅಲ್ಲಿ ಟೆಲಿವಿಷನ್ ನೋಡುವ ಮನೆಯವರು ಕಟ್ಟುವ ಲೈಸೆನ್ಸು ಶುಲ್ಕ ೨೦೨೫ರ ಏಪ್ರಿಲಿನಿಂದ ವರ್ಷಕ್ಕೆ ೧೭೪ ಪೌಂಡು ೫೦ ಪೆನ್ಸ್ ಆಯಿತು. ರೇಡಿಯೋ ನಡೆಯುವುದೂ ಮುಖ್ಯವಾಗಿ ಆ ಹಣದಿಂದಲೇ. ಎಲ್ಲರೂ ಕೊಟ್ಟ ಹಣದಲ್ಲಿ ಎಲ್ಲರ ಮಾತಿಗೂ ಪಾಲಿರಬೇಕಷ್ಟೆ.

ಇನ್ನು ನಮ್ಮ ಮನೆಗೆ ಬರೋಣ. 'ಆಕಾಶವಾಣಿ' ಎಂಬ ಹೆಸರಿಗೂ ಕನ್ನಡನಾಡಿಗೂ ಹಳೆಯ ನಂಟು. ೧೯೩೫ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಯಾರ ಪ್ರಸ್ತಾವಕ್ಕೂ ಕಾಯದೆ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ೧೯೫೦ರಲ್ಲಿ ಧಾರವಾಡದಲ್ಲಿ, ೧೯೫೫ರಲ್ಲಿ ಬೆಂಗಳೂರಿನಲ್ಲಿ ನಿಲಯಗಳು ತೆರೆದವು. ನಮ್ಮಲ್ಲಿ ನಾಟಕಗಳನ್ನು ಬಹುಮಟ್ಟಿಗೆ ನಿಲಯದ ನೌಕರರೇ ನಿರ್ಮಿಸುತ್ತ ಬಂದರು. ಬರೆಯುವವರು ಲಿಪಿಯನ್ನು ನಿಲಯಕ್ಕೆ ಕಳುಹಿಸುವರು, ನಟರು ಧ್ವನಿ ಪರೀಕ್ಷೆ ಕೊಟ್ಟು ಪಟ್ಟಿಗೆ ಸೇರುವರು. ಇದರಲ್ಲಿ ದೊಡ್ಡದೊಂದು ಗುಣವಿದೆ. ನಮ್ಮ ಗೆಳೆಯರಂಥವರಿಗೂ ನಿಲಯಕ್ಕೂ ನಡುವೆ ಕಂಪನಿ ಇಲ್ಲ, ದಲಾಲಿಯಿಲ್ಲ. ಒಬ್ಬ ನೌಕರ ಮನಸ್ಸು ಮಾಡಿದರೆ ಹಳ್ಳಿಯ ಹುಡುಗನ ನಾಟಕ ನಾಡಿಗೆಲ್ಲ ಕೇಳುತ್ತದೆ. ಅವನು ಮನಸ್ಸು ಮಾಡದಿದ್ದರೆ? ಆಗ ಏಕೆಂದು ಕೇಳಲು ಬರೆದಿಟ್ಟ ನಿಯಮ ಬೇಕು. ಪರಿಚಯದ ಮೇಲೆ ನಡೆಯುವ ಒಳ್ಳೆಯತನಕ್ಕಿಂತ ನಿಯಮದ ಮೇಲೆ ನಡೆಯುವ ನ್ಯಾಯ ಮೇಲು.

ಈ ಅಲೆಗಳು ಯಾರ ಸೊತ್ತು ಎಂಬ ಬಗ್ಗೆ ಸಂಶಯ ಬೇಡ. ಪ್ರಸಾರದ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು ೧೯೯೫ರಲ್ಲಿಯೇ ತೀರ್ಪು ಕೊಟ್ಟಿದೆ. ೧೯೯೦ರಲ್ಲಿ ಆದ ಪ್ರಸಾರ ಭಾರತಿ ಕಾಯಿದೆ ಜಾರಿಗೆ ಬರಲು ೧೯೯೭ರ ತನಕ ಕಾಯಬೇಕಾಯಿತು. ಅತ್ತ ೨೦೦೧ರಿಂದ ಖಾಸಗಿ ಎಫ್.ಎಂ. ವಾಹಿನಿಗಳು ಬಂದು ಸಿನಿಮಾ ಹಾಡು, ಜಾಹೀರಾತುಗಳಿಂದ ಹೊಟ್ಟೆ ತುಂಬಿಸಿಕೊಳ್ಳುತ್ತಿವೆ. ಅವರಿಂದ ನಾವು ನಾಟಕ ನಿರೀಕ್ಷಿಸುವುದು ಎತ್ತಿನ ಹಾಲು ಕರೆಯಹೊರಟಂತೆ. ಕೇಳಬೇಕಾದದ್ದು ಸಾರ್ವಜನಿಕ ಬಾನುಲಿಯನ್ನೇ.

ನಾವು ಕೇಳುವುದು ನಾಲ್ಕು. ಒಂದು: ಪ್ರತಿಯೊಂದು ನಿಲಯವೂ ವರ್ಷಕ್ಕೊಮ್ಮೆ ತನಗೆ ಎಷ್ಟು ನಾಟಕ ಬೇಕು, ಯಾವ ಅಳತೆಯದು ಬೇಕು, ಎಷ್ಟು ಸಂಭಾವನೆ, ಕೊನೆಯ ದಿನ ಯಾವುದು ಎಂಬುದನ್ನು ಕನ್ನಡದಲ್ಲಿ, ಜನ ಓದುವ ಪತ್ರಿಕೆಗಳಲ್ಲಿ ಪ್ರಕಟಿಸಲಿ. ಎರಡು: ಪ್ರಸ್ತಾವವನ್ನಾದರೂ ಕಳುಹಿಸಿ, ಬರೆದ ನಾಟಕವನ್ನಾದರೂ ಕಳುಹಿಸಿ ಎಂಬ ಎರಡು ಬಾಗಿಲುಗಳಿರಲಿ. ಅರ್ಜಿ ಬರೆಯಲು ಬಾರದವನ ನಾಟಕ ಅರ್ಜಿಯಿಂದಾಗಿ ಸಾಯಬಾರದು. ಮೂರು: ಬೇಡವೆಂದರೆ ಏಕೆ ಬೇಡವೆಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ತಿಳಿಸಲಿ. ಉತ್ತರವಿಲ್ಲದೆ ಕಾಯಿಸುವುದು ಬಡವನಿಗೆ ಮಾಡುವ ಅವಮಾನ. ನಾಲ್ಕು: ವರ್ಷಕ್ಕೆ ಕೆಲವು ಸಲವಾದರೂ ನಿರ್ಮಾಪಕರು ಯಂತ್ರ ಹೊತ್ತುಕೊಂಡು ಗಿರಣಿಯ ಬಾಗಿಲಿಗೆ, ಸಂತೆಗೆ, ಮಂಡಿಗೆ ಬರಲಿ. ಪಾರ್ಕರ್ ಎಂಜಿನ್ ಷೆಡ್ಡಿಗೆ ಹೋದರು. ನಮ್ಮವರು ಹತ್ತಿ ಮಂಡಿಗೆ ಬರಲಾರರೇ?

ಸರ್ಕಾರದ ಮೇಲೆ ಬೇಡಿಕೆ ಹೊರಿಸಿ ಕೈತೊಳೆದುಕೊಳ್ಳುವವರು ನಾವಲ್ಲ. ನಮ್ಮ ಪಾಲಿನ ಕೆಲಸವೂ ಇದೆ. ಇನ್ನು ಮುಂದೆ ಪ್ರತಿ ಭಾನುವಾರ ಸಂಜೆ ಆರು ಗಂಟೆಗೆ ಸಂಘದ ಕಚೇರಿಯಲ್ಲಿ ನಾಟಕ ಓದುವ ಕೂಟ ನಡೆಯುತ್ತದೆ. ಬರೆದವರು ಬರೆದದ್ದನ್ನು ತನ್ನಿ, ಬರೆಯದವರು ಕಿವಿ ತನ್ನಿ. ದೀಪ ಆರಿಸಿ ಓದೋಣ. ಮಾತಿನಲ್ಲೇ ಜಾಗ ಕಾಣುತ್ತದೆಯೇ, ಯಾರು ಯಾರೊಡನೆ ಮಾತಾಡುತ್ತಿದ್ದಾರೆಂದು ತಿಳಿಯುತ್ತದೆಯೇ ಎಂದು ನೋಡೋಣ. ಕಾಗದಪತ್ರ ಬರೆದುಕೊಡಲು ಮೇಷ್ಟ್ರಾಗಿದ್ದ ನಮ್ಮ ಕೈ ಇದ್ದೇ ಇದೆ. ಮಾತು ಮಾತ್ರ ನಿಮ್ಮದೇ ಆಗಿರಬೇಕು. ಪ್ರತಿ ತೆಗೆಸುವ, ಅಂಚೆಗೆ ಹಾಕುವ ಖರ್ಚನ್ನು ಪೇಟೆಯ ಇಬ್ಬರು ಅಂಗಡಿಯವರು ವಹಿಸಿಕೊಂಡಿದ್ದಾರೆ. ಅವರಿಗೆ ವಂದನೆ.

ಗೆಳೆಯರ ನಾಟಕದಲ್ಲಿ ಹುಡುಗನ ಬೆರಳಿನ ವಿಷಯ ಕೊನೆಗೂ ರಿಜಿಸ್ಟರಿಗೆ ಏರುವುದಿಲ್ಲ. ಹಾಗೇಕೆ ಮುಗಿಸಿದಿರಿ ಎಂದು ಕೇಳಿದೆವು. "ನಿಜವಾಗಿ ಏರಲಿಲ್ಲ ಮೇಷ್ಟ್ರೇ, ಅದಕ್ಕೇ ಬರೆದೆ" ಎಂದರು. ರಿಜಿಸ್ಟರಿನಲ್ಲಿ ಬರೆಯದೆ ಬಿಟ್ಟದ್ದನ್ನು ನಾಡಿನ ಕಿವಿಗೆ ತಲುಪಿಸುವುದಕ್ಕಲ್ಲದೆ ಸಾರ್ವಜನಿಕ ಬಾನುಲಿ ಇನ್ನೇತಕ್ಕೆ? ಆ ನೋಟುಪುಸ್ತಕದ ಶುದ್ಧ ಪ್ರತಿ ಈ ವಾರ ಅಂಚೆಗೆ ಹೋಗುತ್ತದೆ. ಉತ್ತರ ಬಂದರೂ, ಬಾರದಿದ್ದರೂ ಇದೇ ಪತ್ರಿಕೆಯಲ್ಲಿ ತಿಳಿಸುತ್ತೇವೆ.