ಒಂದೇ ಲಾಗಿನ್: ಅನುಕೂಲ ಸರಿ, ಕೀಲಿ ಯಾರ ಕೈಲಿದೆ?

ಸೇವೆಗೊಂದು ಪಾಸ್‌ವರ್ಡ್ ನೆನಪಿಡುವ ಕಾಟ ತಪ್ಪಿಸಲು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ‘ಮೇರಿ ಪೆಹಚಾನ್’ ವ್ಯವಸ್ಥೆ ತಂದಿತು. ಡಿಜಿಲಾಕರ್, ಇ-ಪ್ರಮಾಣ್, ಜನ್ ಪರಿಚಯ್ ಇವುಗಳಲ್ಲಿ ಒಂದು ಖಾತೆ ಇದ್ದರೆ ಸಾಕು, ಇದಕ್ಕೆ ಜೋಡಿಸಿದ ಹಲವು ಸರ್ಕಾರಿ ಸೇವೆಗಳಿಗೆ ಹೋಗಬಹುದು. ಇಲಾಖೆಗೆ ಪಾಸ್‌ವರ್ಡ್ ಸಿಗಲ್ಲ, ‘ಇವರು ಇವರೇ’ ಎಂಬ ಖಾತ್ರಿ ಮಾತ್ರ ಸಿಗುತ್ತದೆ.

ಆದರೆ ಬಾಗಿಲು ಹತ್ತಾದರೂ ಕೀಲಿ ಒಂದೇ. ಅದು ಮೊಬೈಲ್‌ಗೆ ಬರುವ ಒಟಿಪಿ ಮೇಲೆ ನಿಂತಿದೆ. ಅವಸರಕ್ಕೆ ಸೈಬರ್ ಸೆಂಟರ್‌ನವರ ನಂಬರ್ ಕೊಟ್ಟು ಖಾತೆ ಮಾಡಿಸಿದರೆ ಕೀಲಿ ಅಂಗಡಿಯಲ್ಲೇ ಉಳಿಯುತ್ತದೆ. ನಾಳೆ ತಕರಾರು ಬಂದರೆ ಅಂಗಡಿಯವರಿಗೂ ತಲೆನೋವು. ರೀಚಾರ್ಜ್ ಮಾಡದೆ ಸಿಮ್ ಬಂದ್ ಆದರೆ, 90 ದಿನ ಕಳೆದ ಮೇಲೆ ಆ ನಂಬರ್ ಬೇರೆಯವರ ಪಾಲಾಗಬಹುದು.

ಸ್ವಂತ ನಂಬರ್ ಕೊಡಿ. ನಂಬರ್ ಬದಲಾದರೆ ಮೊದಲು ಆಧಾರ್‌ನಲ್ಲಿ, ಆಮೇಲೆ ಡಿಜಿಲಾಕರ್‌ನಲ್ಲಿ ಬದಲಿಸಿ. ಲಾಗೌಟ್ ಮಾಡದೆ ಅಂಗಡಿಯಿಂದ ಎದ್ದು ಬರಬೇಡಿ.